ಬೇಲಿ ಮುಚ್ಚುವ ಮೊದಲು ಮೂರು ಬೆಳಗು

ಬೆಳಗಿನ ಐದೂವರೆ. ಆಸ್ಪತ್ರೆಯ ಹಿಂದಿನ ತೋಟದಲ್ಲಿ ಐವತ್ತಾರು ವರ್ಷದ ಹೆಂಗಸೊಬ್ಬರು ಒದ್ದೆ ನೆಲದ ಮೇಲೆ ಗೋಣಿ ಹಾಸಿಕೊಂಡು ಬೋರಲು ಮಲಗಿದ್ದಾರೆ. ಕೆನ್ನೆ ಮಣ್ಣಿಗೆ ತಾಗಿದೆ. ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ತಂತಿಬೇಲಿಯ ಬುಡವನ್ನೇ ದಿಟ್ಟಿಸುತ್ತಿದ್ದಾರೆ. ಮೂಡಣದ ಕಡೆಯಿಂದ ಬೆಳಕು ನಿಧಾನಕ್ಕೆ ನೆಲದ ಮಟ್ಟಕ್ಕೆ ಇಳಿಯುತ್ತಿದೆ. ಮಣ್ಣಿಗೂ ತಂತಿಗೂ ನಡುವೆ ಎಲ್ಲಾದರೂ ಎರಡು ಬೆರಳು ಸಂದು ಬಿದ್ದಿದ್ದರೆ, ಆ ಬೆಳಕು ಅಲ್ಲಿ ಹೊಳೆದು ತೋರಿಸಿಬಿಡುತ್ತದೆ. ಇವತ್ತು ಒಂದು ಕಡೆ ಹೊಳೆದಿದೆ. ಮೊನ್ನೆಯ ಮಳೆಗೆ ಮಣ್ಣು ಕೊಚ್ಚಿಹೋದ ಮೂಲೆ. ಅವರು ಏಳುವುದಿಲ್ಲ. ಮಲಗಿದ ಹಾಗೆಯೇ ಕೈಚಾಚಿ ಅಲ್ಲೊಂದು ಕಡ್ಡಿ ನೆಟ್ಟು ಗುರುತು ಮಾಡಿ, ಮುಂದಕ್ಕೆ ತೆವಳುತ್ತಾರೆ.

"ನಿಂತು ನೋಡಿದ್ರೆ ಬೇಲಿ ಕಾಣುತ್ತೆ. ಮಲಗಿ ನೋಡಿದ್ರೆ ತಾನೇ ಸಂದು ಕಾಣೋದು" ಎನ್ನುತ್ತಾರೆ, ಸೀರೆಗೆ ಮೆತ್ತಿದ ಮಣ್ಣು ಕೊಡವುತ್ತಾ.

ಅವರು ಇಲ್ಲಿಗೆ ಮೊದಲ ಬಾರಿ ಬಂದು ಹೀಗೆ ಮಲಗಿದ್ದ ದಿನ, ರಾತ್ರಿ ಪಾಳಿ ಮುಗಿಸಿ ಹೊರಟಿದ್ದ ನರ್ಸ್ ಒಬ್ಬರು ಕಿಟಕಿಯಿಂದ ನೋಡಿ, ಯಾರೋ ಬಿದ್ದುಬಿಟ್ಟರು ಎಂದು ಹೌಹಾರಿ, ವೀಲ್‌ಚೇರ್ ತಳ್ಳಿಕೊಂಡು ಓಡಿ ಬಂದಿದ್ದರಂತೆ. "ಏನಾಯ್ತಮ್ಮಾ, ಎದೆ ನೋವಾ?" ಎಂದು ಕೇಳಿದವರಿಗೆ ಇವರು ತಲೆಯೆತ್ತದೆ ಹೇಳಿದ್ದು ಇಷ್ಟೇ: "ಇಲ್ಲ ಸಿಸ್ಟರ್, ಸದ್ಯಕ್ಕೆ ಮೊಲ ಆಗಿದ್ದೀನಿ. ಹತ್ತು ನಿಮಿಷ ಬಿಟ್ಟು ಮನುಷ್ಯಳಾಗ್ತೀನಿ."

ಈ ಊರಿನ ತುದಿಯ ಬೀದಿಗಳಲ್ಲಿ ಇವರನ್ನು ಎಲ್ಲರೂ ಕರೆಯುವುದು 'ಜರಡಿಯಕ್ಕ' ಎಂದು. ತೋಟಗಳಿಗೆ ನುಗ್ಗುವ ಕಾಡುಮೊಲಗಳನ್ನು ಹೊರಗಿಡುವುದು ಇವರ ಕಸುಬು. ಕೊಲ್ಲುವುದಿಲ್ಲ, ಉರುಳು ಒಡ್ಡುವುದಿಲ್ಲ, ವಿಷ ಮುಟ್ಟುವುದಿಲ್ಲ, ಹಿಡಿದು ಬೇರೆಡೆ ಬಿಟ್ಟುಬರುವುದೂ ಇಲ್ಲ. ತಂತಿಯ ಜಾಲರಿ, ಮರದ ಗೂಟ, ಒಂದು ಸಲಿಕೆ, ಒಂದು ಇಕ್ಕಳ. ಇಷ್ಟೇ ಅವರ ಸಾಮಾನು. ಹನ್ನೊಂದು ವರ್ಷಗಳಲ್ಲಿ ಎಪ್ಪತ್ತಮೂರು ತೋಟಗಳಿಗೆ ಬೇಲಿ ಕಟ್ಟಿದ್ದಾರೆ.

ರೈಲು ಹಳಿಯ ದಿಬ್ಬದುದ್ದಕ್ಕೂ ಮುಳ್ಳುಪೊದೆ ಬೆಳೆದಿದೆ. ಮೊಲಗಳ ಬಿಲಗಳೆಲ್ಲ ಅಲ್ಲೇ. ಬೆಳಕು ಹರಿಯುವ ಹೊತ್ತಿಗೂ ಬೆಳಕು ಇಳಿಯುವ ಹೊತ್ತಿಗೂ ಅವು ದಿಬ್ಬ ಇಳಿದು ಬರುತ್ತವೆ. ಬೀನ್ಸಿನ ಎಳೆ ಗಿಡ, ಕ್ಯಾರೆಟ್ ಸೊಪ್ಪು, ಕೋಸಿನ ಸಸಿ ಎಂದರೆ ಅವಕ್ಕೆ ಪ್ರಾಣ. ಹಾಳಾದ ಗಿಡವನ್ನು ಒಮ್ಮೆ ನೋಡಿದರೆ ಸಾಕು, ಕಳ್ಳ ಯಾರೆಂದು ಜರಡಿಯಕ್ಕ ಹೇಳಿಬಿಡುತ್ತಾರೆ. "ಕತ್ತರಿಯಲ್ಲಿ ಓರೆಯಾಗಿ ಕತ್ತರಿಸಿದ ಹಾಗಿದ್ರೆ ಮೊಲ. ಜಗಿದು ಎಳೆದ ಹಾಗಿದ್ರೆ ಬೇರೆ ಯಾರೋ. ಅಂಟು ಅಂಟಾಗಿ ತೂತು ಬಿದ್ದಿದ್ರೆ ಬಸವನಹುಳ. ಪಾಪ, ಎಲ್ಲರ ತಪ್ಪೂ ಮೊಲದ ತಲೆಗೇ ಕಟ್ತಾರೆ."

ಬೇಲಿಯೆಂದರೆ ಮೇಲಕ್ಕೆ ಎಷ್ಟು ಎತ್ತರ ಎಂದು ಜನ ಕೇಳುತ್ತಾರೆ. ಎರಡು ಮೊಳ ಸಾಕು, ಮೊಲ ಅಷ್ಟೆತ್ತರ ಹಾರುವ ಗೋಜಿಗೆ ಹೋಗುವುದಿಲ್ಲ. ಕೆಲಸವೆಲ್ಲ ಇರುವುದು ನೆಲದ ಕೆಳಗೆ. ಒಂದು ಗೇಣು ಆಳಕ್ಕೆ ಕಾಲುವೆ ತೋಡಿ, ಜಾಲರಿಯನ್ನು ಅದರೊಳಗೆ ಇಳಿಸಿ, ತುದಿಯನ್ನು ತೋಟದಿಂದ ಹೊರಮುಖಕ್ಕೆ ಬಗ್ಗಿಸಿ, ಮತ್ತೊಂದು ಗೇಣು ನೆಲದೊಳಗೆ ಹಾಸಿ ಮಣ್ಣು ಮುಚ್ಚಬೇಕು. ಮೊಲ ಬಂದು ಬೇಲಿಯ ಬುಡದಲ್ಲೇ ಕೆರೆಯುತ್ತದೆ, ಕಾಲಿಗೆ ತಂತಿ ಸಿಗುತ್ತದೆ, ಸ್ವಲ್ಪ ಆಚೆ ಸರಿದು ಮತ್ತೆ ಬುಡದಲ್ಲೇ ಕೆರೆಯುತ್ತದೆ, ಮತ್ತೆ ತಂತಿ. "ಚಾಪೆ ಕೆಳಗೆ ತೂರೋರು ಅವು, ರಂಗೋಲಿ ಕೆಳಗೆ ತೂರೋಳು ನಾನು. ಆದ್ರೆ ಒಂದೇ ಒಂದು ಹೆಜ್ಜೆ ಹಿಂದೆ ಸರಿದು ಅಗೆದ್ರೆ ಒಳಗೆ ಬಂದುಬಿಡಬಹುದು ಅಂತ ಇವತ್ತಿನವರೆಗೂ ಅವಕ್ಕೆ ಹೊಳೆದಿಲ್ಲ. ಹೊಳೆದ ದಿನ ನನ್ನ ಕಸುಬು ಮುಗೀತು."

ಜಾಲರಿಯ ಕಣ್ಣು ಒಂದು ಹೆಬ್ಬೆರಳಿಗಿಂತ ಅಗಲವಾಗಬಾರದು, ಇಲ್ಲದಿದ್ದರೆ ಮರಿಗಳು ನುಸುಳುತ್ತವೆ. ಗೇಟಿನ ಕೆಳಗೆ ಕಲ್ಲಿನ ಹೊಸ್ತಿಲು ಇರಲೇಬೇಕು. ದಿನಕ್ಕೆ ಹದಿನಾಲ್ಕು ಮೀಟರ್ ಕಟ್ಟಿದರೆ ಅದು ಒಳ್ಳೆಯ ದಿನ. ಮೀಟರಿಗೆ ಎಂಟು ಕಟ್ಟು. ತಂತಿ ತುದಿ ಒಂದೂ ಹೊರಗೆ ಚಾಚಿಕೊಂಡಿರಬಾರದು. ಕಟ್ಟಿ ಮುಗಿದ ಮೇಲೆ ಪ್ರತಿ ತುದಿಯನ್ನೂ ಒಳಕ್ಕೆ ಮಡಚಿ, ಬರಿಗೈಯನ್ನು ಬೇಲಿಯುದ್ದಕ್ಕೂ ಸವರಿಕೊಂಡು ನಡೆಯುತ್ತಾರೆ. ಚುಚ್ಚಿದರೆ ಅಲ್ಲಿ ಮತ್ತೆ ಇಕ್ಕಳ. "ನನ್ನ ಕೈಗೆ ಚುಚ್ಚಿದ್ದು ಅದರ ಮೂತಿಗೂ ಚುಚ್ಚುತ್ತೆ ಅಲ್ವಾ? ನನಗಾದ್ರೆ ಎಣ್ಣೆ ಹಚ್ಚೋಕೆ ಅತ್ತೆ ಇದ್ದಾರೆ."

ಆ ಅತ್ತೆಗೆ ಈಗ ಎಂಬತ್ತೆರಡು. ಜರಡಿಯಕ್ಕನ ಕತೆ ಶುರುವಾಗುವುದೇ ಅವರಿಂದ. ಗಂಡನ ಮನೆಯವರದು ಮೂರು ತಲೆಮಾರಿನ ಜರಡಿ ಅಂಗಡಿ. ಹಿಟ್ಟಿನ ಜರಡಿ, ಬೀಜದ ಜರಡಿ, ಮರಳಿನ ಜರಡಿ, ಎಲ್ಲವೂ ಕೈಯಲ್ಲೇ ಹೆಣೆದದ್ದು. ಗಂಡ ಮಾತ್ರ ತಂತಿಯ ಕಡೆ ತಲೆಹಾಕದೆ ರಿಪೇರಿ ಗ್ಯಾರೇಜು ಸೇರಿದರು. ಮಗ ಬಿಟ್ಟ ಕಸುಬನ್ನು ಅತ್ತೆ ಸೊಸೆಯ ಕೈಗಿಟ್ಟರು. ಮದುವೆಯಾಗಿ ಬಂದ ಎರಡನೇ ವಾರ ಸೊಸೆಯನ್ನು ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂರಿಸಿ, ಕಣ್ಣಿಗೆ ಬಟ್ಟೆ ಕಟ್ಟಿ, ಒಂದೊಂದೇ ಜರಡಿ ಕೈಗೆ ಕೊಟ್ಟು, ಯಾವುದರಲ್ಲಿ ಯಾವ ಕಾಳು ನಿಲ್ಲುತ್ತದೆ ಹೇಳು ಎಂದರಂತೆ.

"ಒಂದೂ ಸರಿ ಹೇಳಲಿಲ್ಲ ಇವಳು" ಎಂದು ಅತ್ತೆ ಈಗಲೂ ನಗುತ್ತಾರೆ. ಅವರು ಕಿಟಕಿ ಬಳಿಯ ಕುರ್ಚಿಯಲ್ಲಿ ಕುಳಿತು, ಸೊಸೆಯ ನಾಳಿನ ಕೆಲಸಕ್ಕೆ ಕಟ್ಟುತಂತಿಯನ್ನು ಒಂದೇ ಅಳತೆಗೆ ಕತ್ತರಿಸಿ ಡಬ್ಬಿಗೆ ಹಾಕುತ್ತಿದ್ದಾರೆ. "ಅಡುಗೆ ಬರುತ್ತಾ ಅಂತ ಕೇಳ್ತಾರೆ, ಹಾಡು ಬರುತ್ತಾ ಅಂತ ಕೇಳ್ತಾರೆ. ನಾನು ಬೆರಳು ನೋಡಿದೆ. ಇವಳ ಬೆರಳು ಸುಮ್ಮನೆ ಇರ್ತಿರಲಿಲ್ಲ, ಸೆರಗಿನ ನೂಲು ಎಣಿಸ್ತಾನೇ ಇರ್ತಿತ್ತು. ಇದು ಕಲಿಯೋ ಕೈ ಅಂತ ಆವತ್ತೇ ಗೊತ್ತಾಯ್ತು."

ಹತ್ತೊಂಬತ್ತು ವರ್ಷ ಅತ್ತೆ ಸೊಸೆ ಎದುರುಬದುರು ಕುಳಿತು ಹೆಣೆದರು. ಆಮೇಲೆ ಯಂತ್ರದ ಜರಡಿ ಬಂತು, ಗಿರಾಕಿಗಳು ಒಬ್ಬೊಬ್ಬರೇ ಕರಗಿದರು, ಅಂಗಡಿಯ ಬಾಗಿಲು ಮುಚ್ಚಿತು. ತಂತಿಯ ಸುರುಳಿಗಳು ಮನೆಯ ಮೂಲೆ ಸೇರಿದವು. ಅತ್ತೆ ಮಾತು ಕಡಿಮೆ ಮಾಡಿದರು. ಸೊಸೆ ಬೆಳಗಾದರೆ ಏನು ಮಾಡಬೇಕೆಂದು ತೋಚದೆ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದರು.

ಹೀಗಿರುವಾಗ ಒಂದು ದಿನ, ನಿವೃತ್ತಿಯಾದ ಲೆಕ್ಕದ ಟೀಚರ್ ಒಬ್ಬರು ಹಳೆಯ ಜರಡಿ ರಿಪೇರಿಗೆಂದು ಮನೆ ಹುಡುಕಿಕೊಂಡು ಬಂದರು. ಕೂತವರು ತಮ್ಮ ತೋಟದ ಗೋಳು ಹೇಳಿಕೊಂಡರು. ಮೊಲಗಳು ಮೂರು ಸಲ ಬೀನ್ಸ್ ತಿಂದುಹೋಗಿದ್ದವು. ಅಕ್ಕಪಕ್ಕದವರು ವಿಷ ಇಡಿ ಎನ್ನುತ್ತಿದ್ದರು, ಅವರಿಗೆ ಮನಸ್ಸು ಒಪ್ಪುತ್ತಿರಲಿಲ್ಲ. ಮೂಲೆಯ ತಂತಿ ಸುರುಳಿ ನೋಡಿ ಟೀಚರ್ ಕೇಳಿದರು: "ಕಾಳು ಯಾವುದು ನಿಲ್ಲಬೇಕು, ಯಾವುದು ಹೋಗಬೇಕು ಅಂತ ಗೊತ್ತಿರೋ ಕೈಗೆ ಒಂದು ಬೇಲಿ ಕಷ್ಟವಾ?"

ಆರು ದಿನ ದುಡಿದು ಮೊದಲ ಬೇಲಿ ಕಟ್ಟಿದರು. ಏಳನೆಯ ದಿನದಿಂದ ಒಂದು ಮೊಲ ಬೇಲಿಯ ಹೊರಗೆ ಓಡಾಡತೊಡಗಿತು. ಬೆಳಕು ಬಿಟ್ಟರೂ ಹೋಗುತ್ತಿರಲಿಲ್ಲ. ಬುಡ ಕೆರೆಯುತ್ತಿತ್ತು, ಸುತ್ತು ಹೊಡೆಯುತ್ತಿತ್ತು, ಮತ್ತೆ ಅದೇ ಜಾಗಕ್ಕೆ ಬಂದು ಕೆರೆಯುತ್ತಿತ್ತು. ಬೀನ್ಸಿನ ಆಸೆಗೆ ಎಷ್ಟು ಒದ್ದಾಡುತ್ತಿದೆ ನೋಡು ಎಂದು ಇಬ್ಬರೂ ನಕ್ಕರು. ಹೀಗೆ ಮೂರು ದಿನ ಕಳೆದು ನಾಲ್ಕನೆಯ ದಿನ ಅದು ಬರಲಿಲ್ಲ. ಆವತ್ತು ಟೀಚರ್ ಕೋಸಿನ ಮಡಿಯಲ್ಲಿ ಕಳೆ ಕೀಳುವಾಗ ಒಣಹುಲ್ಲಿನ ಒಂದು ಮುಚ್ಚಿಗೆ ಕೈಗೆ ಸಿಕ್ಕಿತು. ಕೆಳಗೆ ಅಂಗೈಯಷ್ಟೇ ಅಗಲದ ಗುಂಡಿ. ತಾಯಿ ತನ್ನ ಎದೆಯ ರೋಮ ಕಿತ್ತು ಹಾಸಿದ್ದ ಮೆತ್ತೆ. ಅದರ ಮೇಲೆ ಐದು ಮರಿಗಳು, ಕಣ್ಣು ಬಿಡುವ ಮೊದಲೇ ತಣ್ಣಗಾಗಿದ್ದವು.

ಈ ಭಾಗ ಹೇಳುವಾಗ ಜರಡಿಯಕ್ಕ ಕೈಯಲ್ಲಿದ್ದ ಇಕ್ಕಳ ಕೆಳಗಿಡುತ್ತಾರೆ. "ಅದು ಬೀನ್ಸಿಗೆ ಬಂದಿದ್ದಲ್ಲ. ಮೂರು ದಿನ ನಮ್ಮ ಕಣ್ಣೆದುರೇ ಹೇಳ್ತಾ ಇತ್ತು. ನಾವು ನಗ್ತಾ ಇದ್ವಿ."

ಅಂದೇ ಬೇಲಿ ಕಿತ್ತುಹಾಕಿ, ಇನ್ನು ಈ ಕೆಲಸ ಬೇಡವೆಂದು ಅವರು ಹೊರಟುನಿಂತಿದ್ದರು. ಟೀಚರ್ ಬೈಯಲೂ ಇಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಇಬ್ಬರೂ ಸೇರಿ ಮರಿಗಳನ್ನು ಮಣ್ಣು ಮಾಡಿದ ಮೇಲೆ ಕೈತೊಳೆಯಲು ನೀರು ಹಾಕುತ್ತಾ ಅಂದರು: "ಲೆಕ್ಕ ತಪ್ಪಿತು ಅಂತ ಸ್ಲೇಟು ಒಡೆಯೋರುಂಟಾ? ಎಲ್ಲಿ ತಪ್ಪಿದ್ದು ನೋಡು. ಇನ್ನೊಂದು ಸಲ ಮಾಡು."

ನೋಡಿದರು. ಟೀಚರ್ ಪುಸ್ತಕ ತಂದು ಓದಿ ಹೇಳಿದರು, ಇವರು ತೋಟದಲ್ಲಿ ಮಲಗಿ ಕಣ್ಣಾರೆ ಕಂಡರು. ತಾಯಿಮೊಲ ದಿನವಿಡೀ ಮರಿಗಳ ಬಳಿ ಇರುವುದಿಲ್ಲ. ಬೆಳಗಿನ ಮಬ್ಬಿನಲ್ಲಿ ಒಮ್ಮೆ, ಸಂಜೆಯ ಮಬ್ಬಿನಲ್ಲಿ ಒಮ್ಮೆ ಬಂದು ನಾಲ್ಕೈದು ನಿಮಿಷ ಹಾಲು ಕುಡಿಸಿ, ಗೂಡು ಮುಚ್ಚಿ ಹೋಗಿಬಿಡುತ್ತದೆ. ಕಂಡವರು ತಾಯಿಯಿಲ್ಲದ ಮರಿಗಳೆಂದು ತಿಳಿಯುತ್ತಾರೆ. ಅಲ್ಲಿಂದ ಮುಂದೆ ಜರಡಿಯಕ್ಕನದು ಒಂದೇ ಕಟ್ಟಳೆ: ಮೂರು ಬೆಳಗು ನೋಡದೆ ಬೇಲಿ ಮುಚ್ಚುವುದಿಲ್ಲ. ಮೊದಲ ಬೆಳಗು ದಾರಿ ನೋಡಲು. ಎರಡನೆಯದು ಎಣಿಸಲು. ಮೂರನೆಯದು ಗೂಡು ಹುಡುಕಲು. ಗೂಡು ಸಿಕ್ಕರೆ ಅದರ ಮೇಲೆ ಎರಡು ಎಳೆ ನೂಲನ್ನು ಅಡ್ಡಡ್ಡ ಇಟ್ಟು ಬರುತ್ತಾರೆ. ಮರುದಿನ ನೂಲು ಸರಿದಿದ್ದರೆ ತಾಯಿ ಬಂದು ಹೋಗಿದೆ ಎಂದು ಅರ್ಥ. ಆಮೇಲೆ ಮರಿಗಳು ತಾವಾಗಿ ಎದ್ದು ಹೋಗುವವರೆಗೂ, ಮೂರು ವಾರವೋ ಇನ್ನೂ ಹೆಚ್ಚೋ, ಅಲ್ಲಿಗೆ ದಾರಿ ತೆರೆದೇ ಇರಬೇಕು.

ಈ ಕಟ್ಟಳೆಯಿಂದ ಕೈತಪ್ಪಿದ ಕೆಲಸಗಳು ಬೇಕಾದಷ್ಟು. ಒಂದು ಪೊಟ್ಟಣ ವಿಷದಲ್ಲಿ ಮುಗಿಯುವುದಕ್ಕೆ ಇಷ್ಟು ಪಾಡೇಕೆ ಎನ್ನುವವರು ಪ್ರತಿ ಬೀದಿಯಲ್ಲೂ ಒಬ್ಬರಿದ್ದಾರೆ. ಹಿಡಿದು ದೂರ ಬಿಟ್ಟುಬನ್ನಿ ಎನ್ನುವ ದಯಾಳುಗಳೂ ಇದ್ದಾರೆ. ಅವರಿಗೆ ಜರಡಿಯಕ್ಕನ ಉತ್ತರ ಸಿದ್ಧವಿದೆ: "ನಿಮ್ಮನ್ನ ಕಣ್ಣು ಕಟ್ಟಿ ಗೊತ್ತಿಲ್ಲದ ಊರಲ್ಲಿ ಇಳಿಸಿ ಬಂದ್ರೆ ಎಷ್ಟು ದಿನ ಬದುಕ್ತೀರಿ? ಇಲ್ಲಿ ಖಾಲಿಯಾದ ಬಿಲಕ್ಕೆ ಮುಂದಿನ ವಾರ ಇನ್ನೊಂದು ಬರುತ್ತೆ, ಅಷ್ಟೇ." ಮೊಣಕಾಲು ಈಗ ಮಾತು ಕೇಳುವುದಿಲ್ಲ. ಬೆರಳ ಗಿಣ್ಣುಗಳು ಚಳಿಗೆ ಬಿಗಿದುಕೊಳ್ಳುತ್ತವೆ. ಗ್ಯಾರೇಜಿಗೆ ಹೋಗುವ ಮೊದಲು ಗಂಡ ತಂತಿಸುರುಳಿಯನ್ನು ತಳ್ಳುಗಾಡಿಗೆ ಏರಿಸಿಕೊಟ್ಟು ಹೋಗುತ್ತಾರೆ. ಇಳಿಸಿಕೊಳ್ಳುವುದು ಇವರದೇ ಪಾಡು.

ಈ ವರ್ಷ ಅವರ ಕಟ್ಟಳೆಗೆ ನಿಜವಾದ ಪರೀಕ್ಷೆ ಬಂದದ್ದು ಇದೇ ಆಸ್ಪತ್ರೆಯಲ್ಲಿ. ಇದು ಬೆನ್ನುಮೂಳೆ ಮುರಿದವರು, ಪಾರ್ಶ್ವವಾಯು ಬಡಿದವರು ತಿಂಗಳುಗಟ್ಟಲೆ ಇದ್ದು ಕೈಕಾಲನ್ನು ಮತ್ತೆ ಪಳಗಿಸಿಕೊಳ್ಳುವ ಜಾಗ. ತೋಟ ಇರುವುದು ಅವರಿಗಾಗಿ. ಬೀಜ ಹಿಡಿಯುವುದು, ಸಸಿ ತೆಳುಮಾಡುವುದು, ಕಳೆ ಕೀಳುವುದು ಎಲ್ಲವೂ ಬೆರಳಿನ ವ್ಯಾಯಾಮ. ಆದರೆ ಎರಡು ಋತು ಸತತವಾಗಿ ಮೊಲಗಳು ಬಂದು ಗುಡಿಸಿಹಾಕಿದ್ದವು. ನೆಟ್ಟದ್ದು ಉಳಿಯುವುದಿಲ್ಲವೆಂದ ಮೇಲೆ ರೋಗಿಗಳು ಒಬ್ಬೊಬ್ಬರಾಗಿ ತೋಟಕ್ಕೆ ಬರುವುದನ್ನೇ ಬಿಟ್ಟರು. ಆಡಳಿತ ಮಂಡಳಿ ಬಂದು ನೋಡುವ ದಿನ ಗೊತ್ತಾಗಿತ್ತು. ಅಷ್ಟರೊಳಗೆ ತೋಟ ನೆಟ್ಟಗಾಗದಿದ್ದರೆ ನೆಲ ಸಮ ಮಾಡಿಸಿ ವಾಹನ ನಿಲ್ಲಿಸಲು ಕೊಡುವುದೆಂದು ಮಾತಾಗಿತ್ತು. ಉಗ್ರಾಣದಲ್ಲಿ ವಿಷದ ಕಾಳಿನ ಡಬ್ಬವೂ ಬಂದು ಕೂತಿತ್ತು. ಕೊನೆಯ ಪ್ರಯತ್ನವೆಂದು ಯಾರೋ ಜರಡಿಯಕ್ಕನ ಹೆಸರು ಹೇಳಿದರು.

ಎರಡು ಬೆಳಗು ಕಳೆದವು. ಮೂರನೆಯ ಬೆಳಗು ಕ್ಯಾರೆಟ್ ಮಡಿಯ ನಡುವೆ ಗೂಡು ಸಿಕ್ಕಿತು. ನಾಲ್ಕು ಮರಿ, ಕಣ್ಣು ಬಿಟ್ಟಿರಲಿಲ್ಲ. ಮಂಡಳಿ ಬರಲು ಒಂಬತ್ತೇ ದಿನ.

ಆಸ್ಪತ್ರೆಯ ಮ್ಯಾನೇಜರ್ ತಲೆಯ ಮೇಲೆ ಕೈಹೊತ್ತರು. "ನಾಲ್ಕು ಮರಿಗೋಸ್ಕರ ಇಡೀ ತೋಟ ಕಳ್ಕೊಳ್ಳೋದಾ? ನಿಮ್ಮದು ಒಳ್ಳೇ ಕತೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋ ಹಟ."

"ನಾನು ಮೊಲ ಹಿಡಿಯೋದೇ ಇಲ್ಲ ಸಾರ್. ಅದಕ್ಕೇ ನನ್ನ ಮೊಲಕ್ಕೆ ನಾಲ್ಕೂ ಕಾಲಿರುತ್ತೆ" ಎಂದರು ಜರಡಿಯಕ್ಕ. ಮ್ಯಾನೇಜರಿಗೆ ನಗು ಬಂತು, ಆದರೆ ಒಪ್ಪಿಗೆ ಬರಲಿಲ್ಲ. ನಾಳೆ ಬೆಳಗಿನೊಳಗೆ ದಾರಿ ಹೇಳಿ, ಇಲ್ಲದಿದ್ದರೆ ಡಬ್ಬ ತೆರೆಸುತ್ತೇನೆ ಎಂದು ಹೋದರು.

ದಾರಿ ಒಂದಿತ್ತು. ಬೇಲಿಯನ್ನು ನೇರವಾಗಿ ಎಳೆಯದೆ, ಗೂಡಿರುವ ಮಡಿಯ ಬಳಿ ಒಳಕ್ಕೆ ತಿರುಗಿಸಿ, ಆ ಮಡಿಯೊಂದನ್ನು ಹೊರಗೆ ಬಿಟ್ಟು ಕಟ್ಟುವುದು. ಮಿಕ್ಕ ತೋಟ ಉಳಿಯುತ್ತದೆ, ತಾಯಿಗೆ ದಾರಿಯೂ ಇರುತ್ತದೆ. ಮರಿಗಳು ಹೋದ ಮೇಲೆ ಅಷ್ಟು ಬೇಲಿ ಕಿತ್ತು ನೇರ ಮಾಡಬೇಕು, ಇಪ್ಪತ್ತೆರಡು ಮೀಟರ್ ಕೆಲಸ ಎರಡೆರಡು ಸಲ. ಅದಕ್ಕೆ ಅವರು ಅಂಜಲಿಲ್ಲ. ಅಂಜಿದ್ದು ಬೇರೆ ಕಾರಣಕ್ಕೆ. ಆ ಮಡಿ ಒಬ್ಬರದಾಗಿತ್ತು.

ಬಲಗೈ ಬಲಗಾಲು ಬಿದ್ದುಹೋಗಿ ಐದು ತಿಂಗಳಿಂದ ಇಲ್ಲಿದ್ದ ಬಸ್ ಡ್ರೈವರ್ ಅವರು. ಎಲ್ಲರೂ ತೋಟ ಬಿಟ್ಟ ಮೇಲೂ ಬಿಡದೆ ಬರುತ್ತಿದ್ದವರು ಅವರೊಬ್ಬರೇ. ಬಲಗೈಯ ಎರಡು ಬೆರಳಿನಿಂದ ಒಂದೊಂದೇ ಬೀಜ ಹಿಡಿದು ಆ ಮಡಿ ಬಿತ್ತಲು ಅವರಿಗೆ ಹನ್ನೆರಡು ದಿನ ಹಿಡಿದಿತ್ತು. ಬದುಕಿನಲ್ಲಿ ಬಲಗೈಯಿಂದ ಇನ್ನೂ ಕೆಲಸ ಆಗುತ್ತದೆಂದು ಅವರು ನಂಬಿದ್ದೇ ಆ ಸಾಲು ಮೊಳೆತಾಗ.

ಜರಡಿಯಕ್ಕ ಅವರ ವೀಲ್‌ಚೇರಿನ ಪಕ್ಕದಲ್ಲಿ ನೆಲದ ಮೇಲೆ ಕುಳಿತು ವಿಷಯ ಹೇಳಿದರು. ಹುಲ್ಲಿನ ಮುಚ್ಚಿಗೆ ಒಂದಿಷ್ಟೇ ಸರಿಸಿ ತೋರಿಸಿದರು. ಡ್ರೈವರ್ ಬಹಳ ಹೊತ್ತು ನೋಡಿದರು. ಅವರಿಗೆ ಮಾತು ಇನ್ನೂ ತೊದಲು.

"ಇವು... ಓಡೋಕೆ... ಎಷ್ಟು ದಿನ ಬೇಕು?"

"ಮೂರು ವಾರ ಅಣ್ಣ."

"ನನಗಿಂತ ಬೇಗ" ಎಂದರು. ಆಮೇಲೆ "ಬಿಡಿ. ಹೊರಗೇ... ಬಿಡಿ. ಬಿತ್ತೋಕೆ ಇನ್ನೊಂದು ಸಲ ಬರುತ್ತೆ ಕೈ" ಎಂದರು.

"ಆವತ್ತು ಅವರು ಬೇಡ ಅಂದಿದ್ರೆ ನಾನು ಏನೂ ಹೇಳೋ ಹಾಗಿರಲಿಲ್ಲ" ಎಂದು ಜರಡಿಯಕ್ಕ ನೆನೆಯುತ್ತಾರೆ. "ನಾನು ಕೊಟ್ಟಿದ್ದು ಬೆವರು. ಬೆವರು ನಾಳೆಯೂ ಬರುತ್ತೆ. ಅವರು ಕೊಟ್ಟಿದ್ದು ಹನ್ನೆರಡು ದಿನದ ಬೆರಳು."

ಎಂಟು ದಿನದಲ್ಲಿ ಬೇಲಿ ನಿಂತಿತು. ಒಂಬತ್ತನೆಯ ದಿನ ಮಂಡಳಿಯವರು ಬಂದರು. ತೋಟದ ಸುತ್ತ ಚೊಕ್ಕ ಬೇಲಿ, ಒಂದು ಕಡೆ ಮಾತ್ರ ಯಾರೋ ಕಚ್ಚಿ ತೆಗೆದಂತೆ ಒಳಕ್ಕೆ ಹೋಗಿದೆ. ಒಳಗೆ ಮೊಲ ತಿಂದುಳಿದ ಗಿಡಗಳೆಲ್ಲ ಮತ್ತೆ ಚಿಗುರಿ ಹಸಿರು, ಹೊರಗಿನ ಒಂದು ಮಡಿ ಮಾತ್ರ ಬೋಳು. ಮಂಡಳಿಯ ಹಿರಿಯ ಸದಸ್ಯೆ, ಇದೇಕೆ ಹೀಗೆ ಎಂದು ಕೇಳಿದರು. ಮ್ಯಾನೇಜರ್ ಗಂಟಲು ಸರಿಮಾಡಿಕೊಳ್ಳುತ್ತಿರುವಾಗ ಡ್ರೈವರ್ ತಾವೇ ಕೈಯೆತ್ತಿದರು. ಎತ್ತಿದ್ದು ಬಲಗೈ. ಭುಜದ ಮಟ್ಟಕ್ಕೆ ಬಂತು, ಅಲ್ಲಿಂದ ಇಳಿಯಲಿಲ್ಲ. ಒಂದೊಂದೇ ಪದ ಹೆಕ್ಕಿ, ಗೂಡಿನ ವಿಷಯ, ಮೂರು ವಾರದ ವಿಷಯ, ಮತ್ತೆ ಬಿತ್ತುವ ವಿಷಯ ಹೇಳಿದರು. ಹೇಳಿ ಮುಗಿಸಲು ಆರೇಳು ನಿಮಿಷ ಹಿಡಿಯಿತು.

ವಾಹನ ನಿಲ್ಲಿಸುವ ಮಾತು ಆಮೇಲೆ ಬರಲೇ ಇಲ್ಲ. ವಿಷದ ಡಬ್ಬ ಬಂದ ದಾರಿಯಲ್ಲೇ ಹಿಂತಿರುಗಿತು.

ಗೂಡು ಸಿಕ್ಕ ಹತ್ತೊಂಬತ್ತನೆಯ ಬೆಳಗು ನೂಲು ಸರಿದಿರಲಿಲ್ಲ. ಇಪ್ಪತ್ತನೆಯ ಬೆಳಗೂ ಇಲ್ಲ. ಗೂಡು ಬರಿದಾಗಿತ್ತು. ಮಡಿಯಂಚಿನಿಂದ ದಿಬ್ಬದವರೆಗೆ ಒದ್ದೆ ಮಣ್ಣಿನಲ್ಲಿ ಸಣ್ಣ ಹೆಜ್ಜೆಗಳಿದ್ದವು. ಅದನ್ನು ನೋಡಲು ಆ ಹೊತ್ತಿನಲ್ಲಿ ಮನೆಯಿಂದ ಬಂದು ನಿಂತಿದ್ದವರು ಮ್ಯಾನೇಜರ್. ಕೋಟು ಕಳಚಿ ಗೂಟಕ್ಕೆ ನೇತುಹಾಕಿ, ಬೇಲಿಯ ಇನ್ನೊಂದು ತುದಿ ಹಿಡಿದುಕೊಂಡರಂತೆ. "ಕಟ್ಟು ಮಾತ್ರ ಸರಿ ಬರಲ್ಲ ಅವರಿಗೆ" ಎಂದು ಜರಡಿಯಕ್ಕ ದನಿ ತಗ್ಗಿಸಿ ಹೇಳುತ್ತಾರೆ. "ಅವರು ಹೋದ ಮೇಲೆ ಹನ್ನೊಂದು ಕಟ್ಟು ಬಿಚ್ಚಿ ಮತ್ತೆ ಹಾಕಿದೆ. ಬೇಜಾರು ಮಾಡ್ಕೊಳ್ಳೋದು ಬೇಡ ಅಂತ ಹೇಳಿಲ್ಲ."

ಬಸ್ ಡ್ರೈವರ್ ಕಳೆದ ತಿಂಗಳು ಕೋಲೂರಿಕೊಂಡು ಮನೆಗೆ ಹೋದರು. ಹೋಗುವ ಮುನ್ನ ಆ ಮಡಿಯನ್ನು ಮತ್ತೆ ಬಿತ್ತಿದರು. ಈ ಸಲ ಐದೇ ದಿನ ಹಿಡಿಯಿತು. ಈಗ ತೋಟದಲ್ಲಿ ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಮಂದಿ ಬಂದು ಕೂರುತ್ತಾರೆ. ಜರಡಿಯಕ್ಕ ತಿಂಗಳಿಗೊಮ್ಮೆ ಬಂದು ಬೇಲಿಯ ಬುಡ ನೋಡಿ, ಮಳೆ ಕೊಚ್ಚಿದಲ್ಲಿ ಮಣ್ಣು ತುಂಬಿ, ಯಾರಿಗೂ ಹೇಳದೆ ಹಿಂದಿನ ಗೇಟಿನಿಂದ ಹೊರಟುಬಿಡುತ್ತಾರೆ. ಒಳಗೆ ಕೆಲಸ ಮಾಡುವವರಲ್ಲಿ ಹೆಚ್ಚಿನವರಿಗೆ ಇವರು ಯಾರೆಂದು ಗೊತ್ತಿಲ್ಲ. ಅದರ ಬಗ್ಗೆ ಅವರಿಗೆ ಬೇಸರವೂ ಇಲ್ಲ. "ಇವತ್ತು ಮೊಲ ಬರಲಿಲ್ಲ ಅಂತ ಯಾರಾದ್ರೂ ಬಂದು ಹೇಳ್ತಾರಾ? ಬಂದ್ರೆ ತಾನೇ ಹೇಳೋದು. ಯಾರೂ ಏನೂ ಹೇಳಲಿಲ್ಲ ಅಂದ್ರೆ ಎಲ್ಲ ಚೆನ್ನಾಗಿದೆ ಅಂತ ಮನೆಗೆ ಹೋಗ್ತೀನಿ."

ಮನೆಯೆಂದರೆ ಮೂರನೆಯ ಮಹಡಿಯ ಎರಡು ಕೋಣೆ. ಎಪ್ಪತ್ತಮೂರು ತೋಟ ಕಾದವರಿಗೆ ಸ್ವಂತಕ್ಕೆ ಒಂದು ಹೂಕುಂಡ ಇಡುವಷ್ಟೂ ಜಾಗವಿಲ್ಲ. ಏನಾದರೂ ಆಸೆಯಿದೆಯೇ ಎಂದು ಕೇಳಿದರೆ ಅವರು ಅತ್ತೆಯ ಮುಖ ನೋಡುತ್ತಾರೆ. ಅತ್ತೆ "ಹೇಳು, ಹೇಳು, ನನ್ನ ಹತ್ತಿರ ದಿನಾ ಹೇಳ್ತೀಯಲ್ಲ" ಎಂದು ಚುಡಾಯಿಸುತ್ತಾರೆ.

"ಒಂದು ಮಂಚ ಹಾಕುವಷ್ಟು ನೆಲ ಸಿಕ್ಕಿದ್ರೆ ಸಾಕು. ಕ್ಯಾರೆಟ್ ಬಿತ್ತಬೇಕು ಅಂತ."

ಅದಕ್ಕೂ ಒಳ್ಳೆಯ ಬೇಲಿ ಕಟ್ಟುತ್ತೀರಿ, ಅಲ್ಲವೇ ಎಂಬುದು ಮುಂದಿನ ಪ್ರಶ್ನೆ.

ಜರಡಿಯಕ್ಕ ತಲೆಯಲ್ಲಾಡಿಸುತ್ತಾರೆ. "ನಮ್ಮದಕ್ಕೆ ಬೇಲಿ ಹಾಕಲ್ಲ. ಹನ್ನೊಂದು ವರ್ಷದಿಂದ ಅವುಗಳ ದೆಸೆಯಿಂದಲೇ ನಮ್ಮ ಮನೆಯಲ್ಲಿ ಒಲೆ ಉರಿದಿದೆ. ಊರವರ ಮನೆಯಿಂದೆಲ್ಲ ಎಬ್ಬಿಸಿ ಕಳಿಸಿದ್ದೀನಿ. ನನ್ನ ಮನೆಗೆ ಬಂದಾಗಲಾದ್ರೂ ಅವು ಹೊಟ್ಟೆ ತುಂಬಾ ತಿಂದು ಹೋಗಲಿ."